ಸುರಂಗದೊಳಗಿನ ಕೂ

ಗಾಜಿನ ಬೋಗಿಯಲ್ಲಿ ಕೂತು ಘಾಟಿ ನೋಡಬೇಕೆಂಬ ಆಸೆ ಅಮ್ಮನದ್ದು. ಕೊಡಿಯಾಲ್‌ಬೈಲಿನ ನಮ್ಮ ಫ್ಲ್ಯಾಟಿನ ಮೇಲಿನ ಮಹಡಿಯ ಅಜ್ಜಿಯೊಬ್ಬರು ಮಗಳ ಜೊತೆ ಆ ರೈಲಿನಲ್ಲಿ ಸಕಲೇಶಪುರಕ್ಕೆ ಹೋಗಿಬಂದು, ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ಅದರದ್ದೇ ವರ್ಣನೆ ಮಾಡುತ್ತಿದ್ದರು. ಅಮ್ಮ ತನಗೆ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳುವವಳಲ್ಲ. ಒಂದು ಸಂಜೆ ಬಸಳೆ ಸೋಸುತ್ತಾ, ಏನೋ ನೆನಪಾದವಳಂತೆ ಕೇಳಿದಳು.

"ಮಗಾ, ಆ ಗ್ಲಾಸಿನ ರೈಲು ಎಂತದು? ತಲೆ ಮೇಲೆ ಕೂಡ ಗ್ಲಾಸ್ ಉಂಟಂತೆ."

"ಅದೇ ಘಾಟಿ ಅಮ್ಮ. ಬಸ್ಸಲ್ಲಿ ಎಷ್ಟು ಸಲ ಹೋಗಲಿಲ್ಲ ನೀನು?"

"ಬಸ್ಸಲ್ಲಿ ನಾನು ವಾಂತಿ ಮಾಡಿದ್ದು ಬಿಟ್ರೆ ಘಾಟಿ ನೋಡಿದ್ದು ಯಾವಾಗ ಮಾರಾಯ?"

ಹೆಂಡತಿ ನಕ್ಕಳು. ನಾನೂ ನಕ್ಕೆ. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ. ತುಳುವಿನಲ್ಲಿ ಈ ಮಾತಿಗೆ ಇನ್ನೂ ಹೆಚ್ಚು ಮಜಾ ಇತ್ತು.

ತಡವಾಗಿ ಬುಕ್ ಮಾಡಿದ್ದರಿಂದ ಮೂರು ಸೀಟು ಒಟ್ಟಿಗೆ ಸಿಗಲಿಲ್ಲ. ಎರಡು ಮುಂದೆ, ಒಂದು ಕೆಲವು ಸಾಲು ಹಿಂದೆ. ಹಿಂದಿನದ್ದು ಕಿಟಕಿ ಪಕ್ಕದ್ದು ಎಂದು ಗೊತ್ತಾದದ್ದೇ ಅಮ್ಮ ಅದು ತನಗೆ ಎಂದಳು. ಮಗ ಸೊಸೆ ಜೋಡಿಯಾಗಿ ಕೂರಲಿ ಎಂದು ತ್ಯಾಗ ಮಾಡಿದವಳ ಹಾಗೆ ಮುಖ ಮಾಡಿಕೊಂಡಿದ್ದಳು. ಹೊರಡುವ ದಿನ ಮದುವೆಮನೆಗೆ ಉಡುವ ಸೀರೆ ಉಟ್ಟು, ಕಂಕನಾಡಿ ಮಾರ್ಕೆಟಿನಲ್ಲಿ ರಿಕ್ಷಾ ನಿಲ್ಲಿಸಿ ಮಲ್ಲಿಗೆ ಮುಡಿದು, ಒಂದು ಡಬ್ಬಿ ತುಂಬ ಬನ್ಸ್ ಹಿಡಿದುಕೊಂಡು ರೈಲ್ವೆ ಜಂಕ್ಷನ್ನಿಗೆ ಬಂದಳು.

ನನ್ನ ಸ್ವಭಾವದ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದರಲ್ಲೂ ಸದ್ದೆಂದರೆ ಆಗುವುದಿಲ್ಲ. ಪೈಪು, ನಳ್ಳಿಗಳ ಅಂಗಡಿ ಇಟ್ಟುಕೊಂಡು ದಿನವಿಡೀ ಕಬ್ಬಿಣ ಕಬ್ಬಿಣಕ್ಕೆ ಬಡಿಯುವುದನ್ನು ಕೇಳುವವನಿಗೆ ಮನೆಯಲ್ಲಾದರೂ ಶಾಂತಿ ಬೇಕು ಎಂಬುದು ನನ್ನ ವಾದ. ನಮ್ಮ ಕಟ್ಟಡದ ಅಸೋಸಿಯೇಶನ್ನಿನ ಕಾರ್ಯದರ್ಶಿಯೂ ನಾನೇ. ಮೇಲಿನವರು ಕುರ್ಚಿ ಎಳೆದರೆ, ಕೆಳಗಿನ ಮಕ್ಕಳು ಮೆಟ್ಟಿಲಲ್ಲಿ ಚೆಂಡು ಪುಟಿಸಿದರೆ, ಹೋಗಿ ಹೇಳಿ ಬರುವವನು ನಾನು. ಎದುರಿಗೆ ಎಲ್ಲರೂ "ಆಯ್ತು" ಅನ್ನುತ್ತಾರೆ. ಹಿಂದಿನಿಂದ ಏನನ್ನುತ್ತಾರೆಂದು ಹೆಂಡತಿಗೆ ಗೊತ್ತು, ಅವಳು ನನಗೆ ಹೇಳುವುದಿಲ್ಲ.

ರೈಲು ಬಂಟ್ವಾಳ ದಾಟಿ ನೇತ್ರಾವತಿಯ ಸೇತುವೆ ಮೇಲೆ ಹೋಗುವಾಗ ತಿರುಗಿ ನೋಡಿದೆ. ಅಮ್ಮನ ಹಣೆ ಗಾಜಿಗೆ ಅಂಟಿತ್ತು. ಅವಳ ಪಕ್ಕದ ಮತ್ತು ಹಿಂದಿನ ಸೀಟುಗಳಲ್ಲಿ ಕಾಲೇಜು ಹುಡುಗಿಯರ ಗುಂಪೊಂದಿತ್ತು. ಪುತ್ತೂರಿನಲ್ಲಿ ನೋಡುವಾಗ ಅವರ ಕೈಯಲ್ಲೆಲ್ಲ ನಮ್ಮ ಮನೆಯ ಬನ್ಸ್. ಸುಬ್ರಹ್ಮಣ್ಯದಲ್ಲಿ ಗಾಡಿ ತುಂಬ ಹೊತ್ತು ನಿಂತಿತು. ಏರು ಹತ್ತಲಿಕ್ಕೆ ಹಿಂದಿನಿಂದ ತಳ್ಳಲು ಬೇರೆ ಇಂಜಿನುಗಳನ್ನು ಅಲ್ಲಿಯೇ ಜೋಡಿಸುವುದು. ಅಮ್ಮನಿಗೆ ಅದನ್ನು ವಿವರಿಸೋಣವೆಂದು ಎದ್ದು ಹೋದೆ. ಕನ್ನಡಕದ ಹುಡುಗಿಯೊಬ್ಬಳು ಆಗಲೇ ವಿವರಿಸಿ ಮುಗಿಸಿದ್ದಳು. ಅಮ್ಮ "ನೀನು ಹೋಗಿ ಕೂತ್ಕೋ" ಎಂದು ನನ್ನನ್ನು ವಾಪಸು ಕಳಿಸಿದಳು.

ಆಮೇಲೆ ಘಾಟಿ ಶುರುವಾಯಿತು. ಮಳೆಗಾಲ ಆಗಷ್ಟೇ ಮುಗಿದಿತ್ತು. ಒಂದು ಬದಿಗೆ ಬಂಡೆಯ ಮೇಲೆ ಇಳಿಯುವ ನೀರು, ಇನ್ನೊಂದು ಬದಿಗೆ ಕಣ್ಣು ಹಾಯುವವರೆಗೂ ಕಾಡು. ತಲೆಯೆತ್ತಿದರೆ ಗಾಜಿನಾಚೆ ಮರದ ಕೊಂಬೆಗಳು ಹಾದುಹೋಗುತ್ತಿದ್ದವು. ನೋಡಲು ಚೆಂದವೇ. ನಾನು ಒಪ್ಪಿಕೊಂಡು, ಕೈಕಟ್ಟಿ ಹಿಂದಕ್ಕೆ ಒರಗಿ, ಇನ್ನು ಮೂರು ತಾಸು ನೆಮ್ಮದಿ ಅಂದುಕೊಂಡೆ.

ಅಷ್ಟರಲ್ಲಿ ಮೊದಲ ಸುರಂಗ ಬಂತು. ಹಗಲಾದ್ದರಿಂದ ಬೋಗಿಯ ದೀಪ ಹಾಕಿರಲಿಲ್ಲ, ಪಕ್ಕದವರ ಮುಖವೂ ಕಾಣದಷ್ಟು ಕತ್ತಲಾಯಿತು. ಹಿಂದಿನ ಡಬ್ಬಿಗಳಲ್ಲಿ ಜನ ಹೋ ಎಂದು ಬೊಬ್ಬೆ ಹೊಡೆಯುವುದು ಕೇಳಿಸಿತು. ಸುರಂಗ ಬಂದರೆ ಬೊಬ್ಬೆ ಹೊಡೆಯುವುದು ಈ ದಾರಿಯ ರೂಢಿ. ಎಸಿ ಬೋಗಿಯವರು ಮರ್ಯಾದಸ್ಥರು ಎಂದು ನಾನು ಮನಸ್ಸಿನಲ್ಲೇ ಅನ್ನುವಷ್ಟರಲ್ಲಿ ನಮ್ಮ ಬೋಗಿಯೊಳಗಿಂದಲೇ ಒಂದು ಕೂ ಎದ್ದಿತು.

ಅದು ಬೇರೆಯವರ ಬೊಬ್ಬೆಯ ಹಾಗೆ ಇರಲಿಲ್ಲ. ತಗ್ಗಿನಲ್ಲಿ ಶುರುವಾಗಿ, ಎಳೆದಷ್ಟೂ ಮೇಲೆ ಹೋಗಿ, ತುದಿಯಲ್ಲಿ ಕತ್ತರಿಸಿದ ಹಾಗೆ ನಿಂತಿತು. ಹುಡುಗಿಯರ ಕಿಲಕಿಲ. ಬೆಳಕು ಬಂತು. ಎರಡನೆಯ ಸುರಂಗದಲ್ಲಿ ಮತ್ತೆ ಅದೇ ಕೂ, ಅದರ ಹಿಂದೆಯೇ ಹುಡುಗಿಯರ ಸಣ್ಣ ಕೂಗಳು. ಮೂರನೆಯದರಲ್ಲಿ ಬೋಗಿಯ ಅರ್ಧ ಜನ ಸೇರಿಕೊಂಡರು. ನನ್ನ ಆಚೆ ಬದಿಯಲ್ಲಿ ಕ್ಯಾಮೆರಾ ಹಿಡಿದು ಕೂತಿದ್ದ ಬೆಂಗಳೂರಿನ ದಂಪತಿ ನನ್ನ ಕಡೆ ನೋಡಿ ನಕ್ಕರು. ನನಗೆ ಅದು ನಮ್ಮೂರಿನವರ ಬಗ್ಗೆ ದೂರಿದ ಹಾಗೆ ಕಂಡಿತು. ಅವರಿಗೆ ಬರೇ ಖುಷಿಯಾಗಿತ್ತು ಎಂದು ಈಗ ಅನಿಸುತ್ತದೆ.

"ಸುಮ್ಮನೆ ಕೂತ್ಕೊಳ್ಳಿ," ಅಂದಳು ಹೆಂಡತಿ, ನಾನು ಏಳುವ ಮೊದಲೇ.

ನಾನು ಎದ್ದೆ. ನಡುವಿನ ದಾರಿಯಲ್ಲಿ ನಿಂತು, ಅಸೋಸಿಯೇಶನ್ ಮೀಟಿಂಗಿನ ಸ್ವರದಲ್ಲಿ ಹುಡುಗಿಯರ ಕಡೆ ತಿರುಗಿದೆ.

"ಯಾರದು ಬೊಬ್ಬೆ ಹೊಡೆಯುವುದು? ಇದೆಂತ ನಿಮ್ಮ ಅಜ್ಜನ ಮನೆಯ ಗದ್ದೆಯಾ? ಉಳಿದವರು ನೆಮ್ಮದಿಯಲ್ಲಿ ಕೂತ್ಕೊಳ್ಳುವುದು ಬೇಡ್ವಾ? ಕಾಲೇಜಿಗೆ ಹೋಗುವ ಮಕ್ಕಳು, ನಾಚಿಕೆ ಆಗುವುದಿಲ್ವಾ? ಮನೆಯಲ್ಲಿ ನಿಮ್ಮ ಅಮ್ಮಂದಿರು ಇದನ್ನೇ ಕಲಿಸಿದ್ದಾ?"

ಕನ್ನಡಕದ ಹುಡುಗಿ ಏನೋ ಹೇಳಲು ಬಾಯಿ ತೆರೆದಳು, ಪಕ್ಕಕ್ಕೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಸಾರಿ ಅಂಕಲ್. ಇನ್ನು ಮಾಡುವುದಿಲ್ಲ."

ಅಷ್ಟಕ್ಕೇ ಮುಗಿಯುತ್ತಿತ್ತು. ನಾನು ಗೆದ್ದವನ ಹಾಗೆ ತಲೆಯಾಡಿಸಿ ತಿರುಗಿದ್ದೆ ಕೂಡ.

"ಯಾನ್ ಮಗಾ," ಅಂದಳು ಅಮ್ಮ. "ನಾನು ಕೂ ಹಾಕಿದ್ದು. ಪಾಪ, ಆ ಮಕ್ಕಳಿಗೆ ಬೈಬೇಡ."

ತುಳು ಬಾರದ ಬೆಂಗಳೂರಿನ ದಂಪತಿಗೂ ಅದು ಅರ್ಥವಾಯಿತು, ಯಾಕೆಂದರೆ ಅಮ್ಮ ಶಾಲೆಯಲ್ಲಿ ಹೆಸರು ಕರೆದಾಗ ಮಾಡುವಂತೆ ಕೈಯೆತ್ತಿದ್ದಳು. ಮಲ್ಲಿಗೆ ಒಂದು ಬದಿಗೆ ಜಾರಿತ್ತು. ಮುಖ ಮಾತ್ರ ಇನ್ನೂ ಖುಷಿಯಲ್ಲೇ ಇತ್ತು. ನಾನು ನೋಡುತ್ತಿದ್ದ ಹಾಗೆಯೇ ಅದು ಆರಿಹೋಯಿತು. ಕೈ ಇಳಿಸಿ ಸೆರಗು ಸರಿ ಮಾಡಿಕೊಂಡಳು.

ಭೂಮಿ ಬಾಯಿ ಬಿಡಬಾರದೇ ಎಂದು ಹೇಳುತ್ತಾರಲ್ಲ, ಅದರ ಅರ್ಥ ನನಗೆ ಅಲ್ಲಿ ತಿಳಿಯಿತು. ಅಮ್ಮಂದಿರ ಸುದ್ದಿ ಬೇರೆ ಎತ್ತಿದ್ದೆ ನಾನು. ಯಾರೋ ಹಿಂದಿನಿಂದ ನಕ್ಕು, ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ನಾನು "ಆಯ್ತು ಆಯ್ತು" ಎಂದೇನೋ ಗೊಣಗಿ ಬಂದು ಕೂತೆ. ಮೊದಲು ನಾಚಿಕೆಯಾದದ್ದು ನನಗಾದ ಅವಮಾನಕ್ಕೆ, ಅಷ್ಟು ಜನರ ಎದುರು ಪೆಚ್ಚಾದದ್ದಕ್ಕೆ. ಅಮ್ಮ ಹೀಗೆ ಮಾಡಬಹುದಾ ಎಂದು ಅವಳ ಮೇಲೆಯೇ ಸಿಟ್ಟು ಬಂದಿತ್ತು. ಅದನ್ನೂ ಬರೆದುಬಿಡುತ್ತೇನೆ.

"ಆ ವಯಸ್ಸಲ್ಲಿ ಅವಳಿಗೆ ಯಾಕೆ ಬೇಕಿತ್ತು?" ಎಂದು ಹೆಂಡತಿಯ ಹತ್ತಿರ ಪಿಸುಗುಟ್ಟಿದೆ.

ಹೆಂಡತಿ ಅಮ್ಮನನ್ನು ಕರೆಯುವುದು ಮಾಮಿ ಎಂದು. "ನಿಮಗೆ ಗೊತ್ತಿಲ್ವಾ? ಮಾಮಿಯ ತಾಯಿಮನೆ ಹೊಳೆಯ ಆಚೆ ಅಲ್ವಾ? ದೋಣಿಕಡವಿನಲ್ಲಿ ನಿಂತು ದೋಣಿಯವನಿಗೆ ಕೂ ಹಾಕುವ ಕೆಲಸ ಮನೆಯಲ್ಲಿ ಅವರದ್ದೇ ಅಂತೆ. ಒಂದೊಂದು ಮನೆಯ ಕೂ ಒಂದೊಂದು ತರ ಅಂತೆ. ಕತ್ತಲೆಯಾದ್ರೂ, ಮಂಜು ಮುಸುಕಿದ್ರೂ ಇದು ಇಂಥ ಮನೆಯ ಹುಡುಗಿ ಅಂತ ಆಚೆ ದಡದಲ್ಲಿ ಅವನಿಗೆ ಗೊತ್ತಾಗ್ತಿತ್ತಂತೆ."

"ನಿನಗೆ ಯಾವಾಗ ಹೇಳಿದ್ದು?"

"ಎಷ್ಟು ಸಲ ಹೇಳಿದ್ದಾರೆ. ನೀವು ಇರುವಾಗಲೇ ಹೇಳಿದ್ದಾರೆ."

ಹೊಳೆಯ ಆಚೆಗಿನ ದೋಣಿಯವನಿಗೆ ಗುರುತು ಸಿಗುತ್ತಿದ್ದ ಧ್ವನಿ, ಕೆಲವೇ ಸಾಲು ಮುಂದೆ ಕೂತ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಸಿಗಲಿಲ್ಲ. ಮೂರು ಸುರಂಗಗಳಲ್ಲಿ ಮೂರು ಸಲ ಕೇಳಿಯೂ ಅದು ಯಾರೋ ಪುಂಡರದ್ದು ಎಂದುಕೊಂಡಿದ್ದೆ. ಸಿಗುವುದಾದರೂ ಹೇಗೆ? ಅಪ್ಪ ಹೋದ ಮೇಲೆ ಅಮ್ಮ ನಮ್ಮ ಫ್ಲ್ಯಾಟಿಗೆ ಬಂದಾಗ ಅವಳ ಮಾತು ಅಂಗಳದಿಂದ ಗದ್ದೆಗೆ ಕೇಳಿಸುವಷ್ಟು ದೊಡ್ಡದಾಗಿತ್ತು. ಫೋನಿನಲ್ಲಿ ಅವಳು ಮಾತಾಡಿದರೆ ನಾನು ಬಾಲ್ಕನಿ ಬಾಗಿಲು ಹಾಕುತ್ತಿದ್ದೆ. ಕಾಗೆಗೆ ಅನ್ನ ಇಟ್ಟು ಕರೆದರೆ ಅಡುಗೆಮನೆಯವರೆಗೆ ಹೋಗಿ ಕೈಸನ್ನೆ ಮಾಡುತ್ತಿದ್ದೆ. ಕಾರ್ಯದರ್ಶಿಯ ಮನೆಯಿಂದಲೇ ಸದ್ದು ಬಂದರೆ ಊರಿಗೆ ಯಾವ ಬಾಯಲ್ಲಿ ಹೇಳುವುದು? ಅವಳು ಒಮ್ಮೆಯೂ ಎದುರಾಡಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಸ್ವರ ಇಳಿಸುತ್ತಾ ಬಂದಳು. ಅಮ್ಮನಿಗೆ ವಯಸ್ಸಾಯಿತು, ಮಾತು ಕಡಿಮೆಯಾಯಿತು ಎಂದು ನಾನೇ ನೆಂಟರ ಹತ್ತಿರ ಹೇಳಿಕೊಂಡು ತಿರುಗಿದ್ದೆ.

ಆಗ ಆದ ನಾಚಿಕೆ ಬೇರೆ. ಅದಕ್ಕೆ ಬೋಗಿಯ ಜನ ಬೇಕಿರಲಿಲ್ಲ.

ಮುಂದಿನ ಸುರಂಗ ಬಂತು. ನಮ್ಮ ಬೋಗಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಹಿಂದಿನ ಡಬ್ಬಿಯ ಬೊಬ್ಬೆ ಮಾತ್ರ ಬಾಗಿಲ ಸಂದಿಯಿಂದ ಬರುತ್ತಿತ್ತು. ಅದರ ಮುಂದಿನದ್ದರಲ್ಲೂ ಅಷ್ಟೆ. ದುಡ್ಡು ಕೊಟ್ಟು ಬಂದ ಅಷ್ಟೂ ಜನರ ಸಂತೋಷವನ್ನು ನಾನೊಬ್ಬನೇ ಬಾಗಿಲು ಮುಚ್ಚಿಸಿ ಕೂರಿಸಿದ್ದೆ. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಹೆಂಡತಿಯೇ ಎದ್ದು ಹೋಗಿ, ಅಮ್ಮನನ್ನು ನನ್ನ ಪಕ್ಕಕ್ಕೆ ಕಳಿಸಿ ತಾನು ಅಲ್ಲಿ ಕೂತಳು. ನಾನು ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟೆ. ಅಮ್ಮ ಕೂತು ಖಾಲಿ ಬನ್ಸ್ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಹೊರಗೆ ಒಂದು ದೊಡ್ಡ ಸೇತುವೆ, ಕೆಳಗೆ ಪಾತಾಳದಷ್ಟು ಆಳದಲ್ಲಿ ಹೊಳೆ. ಅವಳು ನೋಡಿದಳು, ನನಗೆ ತೋರಿಸಲಿಲ್ಲ.

"ಅಮ್ಮ, ಇನ್ನೂ ತುಂಬ ಸುರಂಗ ಉಂಟು," ಅಂದೆ. "ನೀನು ಹಾಕು. ಎಂತ ಇಲ್ಲ. ಎಲ್ಲರೂ ಹಾಕ್ತಾರಲ್ಲ."

"ಬೇಡ ಮಗಾ."

"ನಾನು ಬೈದದ್ದು ನಿನಗಲ್ಲ. ನನಗೆ ಗೊತ್ತಾಗಲಿಲ್ಲ."

"ಅದಕ್ಕಲ್ಲ," ಅಂದಳು. ಮುಖದಲ್ಲಿ ಸಿಟ್ಟಿರಲಿಲ್ಲ; ಸಣ್ಣ ಮಗುವಿಗೆ ಸಮಾಧಾನ ಹೇಳುವ ಹಾಗೆ ಹೇಳಿದಳು. "ನಿನಗೆ ನಾಚಿಕೆ ಆಗ್ತದೆ. ಊರಲ್ಲಾದ್ರೆ ಹೇಗೂ ನಡೀತದೆ. ಇಲ್ಲಿ ಎಲ್ಲ ದೊಡ್ಡ ಜನ."

ಬೈದಿದ್ದರೆ ಸಹಿಸಬಹುದಿತ್ತು. ನಾನು ಕಿಟಕಿಯಾಚೆ ನೋಡುವ ನೆಪದಲ್ಲಿ ಅವಳ ಕೈ ನೋಡುತ್ತಾ ಕೂತೆ. ಸಕಲೇಶಪುರ ಹತ್ತಿರ ಬರುತ್ತಿತ್ತು. ಉಳಿದ ಸುರಂಗಗಳು ಮುಗಿದರೆ ಅವಳು ಆಸೆಪಟ್ಟು ಬಂದ ಘಾಟಿಯೂ ಮುಗಿಯುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಂಗಡಿಯ ಹುಡುಗರಿಗೆ ಉಪದೇಶ ಮಾಡುವವನು ನಾನು. ಹೋದದ್ದನ್ನು ವಾಪಸು ತರುವ ದಾರಿ ಒಂದೇ ಕಂಡಿತು.

ಸುರಂಗ ಬಂತು. ಗಾಜು ಕಪ್ಪಾಯಿತು. ನಾನು ಉಸಿರು ತುಂಬಿಕೊಂಡು ಕೂ ಹಾಕಿದೆ.

ಬಂದದ್ದು ಕೂ ಅಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡವನ ದನಿ. ಊರಲ್ಲಿ ಹುಟ್ಟಿಯೂ ಜೀವಮಾನದಲ್ಲಿ ಒಮ್ಮೆಯೂ ಕೂ ಹಾಕದವನು ನಾನು ಎಂದು ಇಡೀ ಬೋಗಿಗೆ ತಿಳಿಯಿತು. ಯಾರೂ ನಗಲಿಲ್ಲ, ಯಾರೂ ಸೇರಿಕೊಳ್ಳಲೂ ಇಲ್ಲ. ಇನ್ನೊಮ್ಮೆ ಹಾಕಿದೆ. ಈ ಸಲ ಅದಕ್ಕಿಂತ ಕಡೆ. ಅಮ್ಮ ಎತ್ತಿಕೊಳ್ಳುತ್ತಾಳೆ, ನನ್ನ ಸೋತ ದನಿಯ ಮೇಲೆ ಅವಳ ದನಿ ಏರುತ್ತದೆ ಎಂದು ಕಾದೆ. ಹೊಳೆಯಾಚೆ ನಿಂತವನ ಹಾಗೆಯೇ ಕಾದೆ.

ಕತ್ತಲಲ್ಲಿ ಅವಳ ಕೈ ಬಂದು ನನ್ನ ಮೊಣಕೈ ಹಿಡಿಯಿತು.

"ಸಾಕು ಮಗಾ," ಅಂದಳು, "ಜನ ಇದ್ದಾರೆ."

ಪಕ್ಕದಲ್ಲೇ ಕೂತಿದ್ದ ನಾನು ಅದನ್ನು ಕೇಳಿಸಿಕೊಳ್ಳಲು ಅವಳ ಬಾಯಿಯ ಹತ್ತಿರಕ್ಕೆ ಬಗ್ಗಬೇಕಾಯಿತು.