ಬೆಂಚಿಗಾಗಿ ಅತ್ತೆ ಬರೆಸಿದ ಅರ್ಜಿ

ಆರ್ಥಿಕ ಹಿಂಜರಿತ ಶುರುವಾದ ಮೇಲೆ ನನ್ನ ಗಂಡನ ಶಿಕಾಗೋ ಕೆಲಸ ಹೋಯಿತು. ಮತ್ತೆ ಸಿಕ್ಕಿದ್ದು ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ, ಅದೂ ಕಾಂಟ್ರಾಕ್ಟ್ ಕೆಲಸ. ಭಾನುವಾರ ಸಂಜೆ ಕಾರು ಹತ್ತಿದರೆ ಮತ್ತೆ ಮುಖ ಕಾಣುವುದು ಶುಕ್ರವಾರವೇ. ನನ್ನ ಕೆಲಸ ಹೇಗೋ ಉಳಿದಿದ್ದರಿಂದ ನಾವು ಶಿಕಾಗೋದ ಪಶ್ಚಿಮಕ್ಕಿದ್ದ ಅಪಾರ್ಟ್‌ಮೆಂಟಿನಲ್ಲೇ ನಿಂತೆವು. ನಾವು ಎಂದರೆ ನಾನು, ಮತ್ತು ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ನನ್ನ ಅತ್ತೆ.

‘ಅಯ್ಯೋ ಪಾಪ, ಗಂಡ ಇಲ್ದೆ ಅತ್ತೆ ಜೊತೆ ಒಬ್ಳೇನಾ? ಹೇಗಿದೀಯೇ?’ ಎಂದು ಗೆಳತಿಯರು ಫೋನಿನಲ್ಲಿ ಮರುಗುತ್ತಿದ್ದರು. ಮರುಗುವಂಥದ್ದೇನೂ ಇರಲಿಲ್ಲ. ಆಫೀಸಿನಲ್ಲಿ ಇವತ್ತು ಯಾರ ಸರದಿಯೋ ಎಂಬ ಭಯದಲ್ಲಿ ದಿನ ಕಳೆದು ಮನೆಗೆ ಬಂದರೆ ಸಾರಿನ ಘಮ, ‘ಇಷ್ಟು ಹೊತ್ತು ಮಾಡೋದಾ?’ ಎಂದು ಗದರುವ ಒಂದು ಗಂಟಲು. ನನಗೆ ಅದು ಬೇಕಾಗಿತ್ತು. ಅವರು ಹೊರಟುಬಿಟ್ಟರೆ ಆ ಮನೆಯಲ್ಲಿ ನಾನೊಬ್ಬಳೇ ಹೇಗಿರುವುದೆಂದು ಯೋಚಿಸಲೂ ಆಗುತ್ತಿರಲಿಲ್ಲ. ಬಾಯಿ ಬಿಟ್ಟು ಹೇಳಲು ಮಾತ್ರ ಸಂಕೋಚ.

ಮನೆಯ ಹಿಂದೆ ಒಂದು ಪುಟ್ಟ ಕೊಳ, ಅದರ ಸುತ್ತ ನಡೆಯುವ ದಾರಿ, ಅರ್ಧ ದಾರಿಯಲ್ಲಿ ಒಂದು ಬೆಂಚು. ಅತ್ತೆಗೆ ಮಂಡಿನೋವು. ಬೆಂಚಿನವರೆಗೆ ಹೋಗಿ ಕೂತು, ಸುಧಾರಿಸಿಕೊಂಡು ಉಳಿದರ್ಧ ನಡೆಯುತ್ತಿದ್ದರು. ನಾಯಿ ಹಿಡಿದುಕೊಂಡು ಬರುವ ಪೋಲೆಂಡಿನ ಅಜ್ಜಿಯೊಬ್ಬರು ಅಲ್ಲಿ ಜೊತೆಯಾಗುತ್ತಿದ್ದರು. ಆಕೆ ತನ್ನ ಭಾಷೆಯಲ್ಲಿ, ಇವರು ಕನ್ನಡದಲ್ಲಿ, ಕತ್ತಲಾಗುವವರೆಗೂ ಹರಟೆ. ಏನು ಮಾತಾಡುತ್ತೀರಿ ಎಂದರೆ, ‘ಸೊಸೆ ವಿಷಯ, ಇನ್ನೇನು?’ ಎಂದು ನಗುತ್ತಿದ್ದರು.

ಒಂದು ದಿನ ನೋಡಿದರೆ ಬೆಂಚೇ ಇಲ್ಲ. ಹಲಗೆ ಮುರಿದಿತ್ತಂತೆ, ಪಾರ್ಕಿನವರು ಕಿತ್ತುಕೊಂಡು ಹೋಗಿದ್ದರು. ಹೊಸದು ಹಾಕಲಿಲ್ಲ. ಅತ್ತೆಯ ವಾಕಿಂಗ್ ನಿಂತಿತು. ದಿನವಿಡೀ ಸೋಫಾದ ಮೇಲೆ ಕಾಲು ನೀವಿಕೊಳ್ಳುತ್ತ ಕೂತರು. ಹದಿನೈದು ದಿನಕ್ಕೆ ಮಾತು ಬಂದೇ ಬಂತು: ‘ಟಿಕೆಟ್ ಮುಂಚಿತವಾಗೇ ಮಾಡ್ಸಿಬಿಡಮ್ಮ. ಇಲ್ಲಿ ಗೋಡೆ ನೋಡ್ಕೊಂಡು ನಾನೇನು ಮಾಡ್ಲಿ?’

‘ಪಾರ್ಕಿನವರಿಗೆ ಬರೆದು ಕೇಳೋಣ ಅತ್ತೆ’ ಎಂದೆ, ಸುಮ್ಮನೆ ದಿನ ತಳ್ಳಲು.

ಅಷ್ಟೇ, ಅತ್ತೆ ಎದ್ದು ಕೂತರು. ಸ್ಕೂಲ್ ಮೇಡಂ ಆಗಿ ನಿವೃತ್ತರಾದವರು ಅವರು. ಮೈಸೂರಿನ ತಮ್ಮ ಬೀದಿಗೆ ದೀಪ, ನಲ್ಲಿ, ಚರಂಡಿ ಎಲ್ಲ ತರಿಸಿದ್ದೂ ಅರ್ಜಿ ಬರೆದೇ. ಅವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡುವುದು ಎಂದಾಯಿತು. ‘ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬುದನ್ನು ಇಂಗ್ಲಿಷಿಗಿಳಿಸುವಷ್ಟರಲ್ಲಿ ಬೆವತುಹೋದೆ.

ಉತ್ತರ ಬೇಗ ಬಂತು. ಈ ವರ್ಷ ಕೈ ಬಿಗಿಯಾಗಿದೆ, ಹೊಸ ಬೆಂಚು ಸಾಧ್ಯವಿಲ್ಲ. ಆದರೆ ತೀರಿಹೋದ ಪ್ರೀತಿಪಾತ್ರರ ನೆನಪಿಗೆ ಹೆಸರಿನ ಫಲಕದೊಂದಿಗೆ ನೀವೇ ಒಂದು ಬೆಂಚು ಹಾಕಿಸಬಹುದು ಎಂದಿತ್ತು.

ಅತ್ತೆ ಕನ್ನಡಕ ತೆಗೆದರು. ‘ನಮ್ಮನೇಲಿ ಸದ್ಯಕ್ಕೆ ಯಾರೂ ಸತ್ತಿಲ್ಲ ಅಂತ ಬರಿ.’

‘ಅತ್ತೆ!’

‘ಮತ್ತೆ? ಕೂರಕ್ಕೆ ನಾನು ಸಾಯ್ಬೇಕಾ? ಬರಿ. ಬಾಲ್ ಆಡೋ ಮೈದಾನದ ಹತ್ರ ಮೂರು ಬೆಂಚು ಖಾಲಿ ಬಿದ್ದಿವೆ, ಒಂದು ಕಾಗೆನೂ ಕೂರಲ್ಲ. ಒಂದನ್ನ ಎತ್ತಿ ಇಲ್ಲಿಡಿ. ಖರ್ಚು ಯಾತಕ್ಕೆ? ಕೆಳಗೆ ಪ್ರತಿಗಳು ಅಂತ ಹಾಕು.’

ಪ್ರತಿಗಳು! ಊರಿನ ಅಧ್ಯಕ್ಷರಿಗೆ, ಲೈಬ್ರರಿಗೆ, ಕೊನೆಗೆ ಫೈರ್ ಸ್ಟೇಷನ್ನಿಗೆ. ನಾನು ತಲೆ ಚಚ್ಚಿಕೊಂಡೆ. ‘ಅತ್ತೆ, ಇಲ್ಲಿ ಹಾಗೆಲ್ಲ ಮಾಡಲ್ಲ. ನಗ್ತಾರೆ. ಬೆಂಚಿಗೂ ಫೈರ್‌ನೋರಿಗೂ ಏನು ಸಂಬಂಧ?’

‘ಕೂರಕ್ಕೆ ಜಾಗ ಇಲ್ದೆ ನಾನು ಬಿದ್ರೆ ಆಂಬ್ಯುಲೆನ್ಸ್ ಕಳ್ಸೋರು ಅವರೇ ತಾನೇ? ಮುಂಚೇನೇ ಗೊತ್ತಿರಲಿ ಪಾಪ.’

ಜಪ್ಪಯ್ಯ ಅಂದರೂ ಬಿಡಲಿಲ್ಲ. ಬೈದುಕೊಳ್ಳುತ್ತಲೇ ಎಲ್ಲಕ್ಕೂ ಸ್ಟಾಂಪ್ ಅಂಟಿಸಿದೆ.

ಮುಂದಿನ ವಾರ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಫೈರ್ ಸ್ಟೇಷನ್ನಿನ ಸಮವಸ್ತ್ರದಲ್ಲಿ ಆರಡಿಯ ಆಳು. ಪತ್ರಕ್ಕೆ ಕ್ಷಮೆ ಕೇಳಲು ಬಾಯಿ ತೆರೆದೆ. ಆತ ಟೋಪಿ ತೆಗೆದು, ಪತ್ರ ಬರೆದ ಅಮ್ಮನವರು ಇದ್ದಾರಾ, ಯಾವ ಜಾಗವೆಂದು ತೋರಿಸುತ್ತಾರಾ ಎಂದು ಕೇಳಿದ. ಅತ್ತೆ ಸೀರೆ ಸೆರಗು ಸರಿಮಾಡಿಕೊಂಡು ಹೊರಟೇಬಿಟ್ಟರು. ಅರ್ಧ ದಾರಿಯಲ್ಲಿ ಉಳಿದಿದ್ದ ಹಳೇ ಬೆಂಚಿನ ಬೋಲ್ಟುಗಳನ್ನು ತೋರಿಸಿ, ತಾವೇ ನೆಟ್ಟಗೆ ಇಂಗ್ಲಿಷಿನಲ್ಲಿ ‘ಸಿಟ್, ದೆನ್ ವಾಕ್’ ಎಂದರು. ಆತ ನಗಲಿಲ್ಲ. ಮುದುಕರು ಬಿದ್ದು ಸೊಂಟ ಮುರಿದುಕೊಳ್ಳುವ ಕರೆಗಳೇ ತಮಗೆ ಹೆಚ್ಚು, ಪಾರ್ಕಿನವರಿಗೆ ಇವತ್ತೇ ಹೇಳುತ್ತೇನೆ ಎಂದು ಕೈ ಕುಲುಕಿ ಹೋದ.

ಸೆಪ್ಟೆಂಬರಿನಲ್ಲಿ ಮೈದಾನದ ಒಂದು ಬೆಂಚು ಕೊಳದ ದಾರಿಗೆ ಬಂತು. ಸ್ವಲ್ಪ ವಾಲುತ್ತಿತ್ತು, ಅತ್ತೆ ಕೂರುವ ಕಡೆಗೇ. ಪೋಲೆಂಡಿನ ಅಜ್ಜಿ ಅತ್ತೆಯ ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಅತ್ತೆ ನಾಚಿ ನೀರಾದರು. ಆ ಸಂಜೆ ದೂರದಿಂದ ಅವರಿಬ್ಬರ ಬೆನ್ನು ನೋಡುತ್ತ ನಿಂತಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಆದರೆ ಆರು ತಿಂಗಳು ಮುಗಿಯುತ್ತ ಬಂದಿತ್ತು. ಅತ್ತೆ ಇನ್ನೂ ಇರಬೇಕೆಂದರೆ ವೀಸಾದವರಿಗೆ ಅಪ್ಲೈ ಮಾಡಬೇಕು, ಕಾರಣ ತಿಳಿಸಿ ಪತ್ರ ಕೊಡಬೇಕು. ಕೇಳಲೋ ಬೇಡವೋ ಎಂದು ನಾನು ಒದ್ದಾಡುತ್ತಿರುವಾಗ ಅತ್ತೆಯೇ ಬಂದು ಕಂಪ್ಯೂಟರಿನ ಪಕ್ಕ ಕುರ್ಚಿ ಎಳೆದುಕೊಂಡರು.

‘ಏನಂತ ಬರೀಲಿ? ನಂಗೆ ಅಂತ ಬೆಂಚು ಹಾಕ್ಸಿದಾರೆ, ಬಿಟ್ಟು ಹೋದ್ರೆ ಚೆನ್ನಾಗಿರಲ್ಲ ಅಂತಾನಾ?’ ಎಂದು ರೇಗಿಸಿದೆ.

‘ತಮಾಷೆ ಸಾಕು. ಬರ್ಕೋ,’ ಎಂದು ಗಂಟಲು ಸರಿಮಾಡಿಕೊಂಡು, ಅರ್ಜಿಯ ಧಾಟಿಯಲ್ಲಿ ಹೇಳತೊಡಗಿದರು: ‘ಮಾನ್ಯರೇ, ನನ್ನ ಮಗನು ಕೆಲಸದ ನಿಮಿತ್ತ ಬೇರೆ ಊರಿನಲ್ಲಿರುತ್ತಾನೆ. ನಾನು ಹೊರಟರೆ ಮನೆಯಲ್ಲಿ ನನ್ನ ಸೊಸೆ ಒಬ್ಬಳೇ ಆಗುತ್ತಾಳೆ. ಅವಳಿಗೆ ಅದು ಆಗುವುದಿಲ್ಲ, ಬಾಯಿ ಬಿಟ್ಟು ಹೇಳುವುದೂ ಇಲ್ಲ.’

ನನ್ನ ಬೆರಳು ನಿಂತವು.

‘ಯಾಕೆ, ತಪ್ಪಾಯ್ತಾ?’ ಎಂದರು.

‘ಇಲ್ಲ ಅತ್ತೆ’ ಎಂದೆ, ಮೂಗೊರೆಸಿಕೊಂಡು ಹಾಗೆಯೇ ಟೈಪ್ ಮಾಡಿದೆ.