ಮೊದಲು ಬೀಳುತ್ತಿದ್ದ ಅಕ್ಕೋರು

ಅವರ ಎಡಗಾಲಿನ ಹಿಮ್ಮಡಿಯ ಮೇಲೆ ಗೇಣುದ್ದದ ಹೊಲಿಗೆಯ ಗುರುತಿತ್ತು, ಗೋಣಿಚೀಲದ ಬಾಯಿ ಹೊಲಿದ ಹಾಗೆ. ಜರ್ಮನಿಯಲ್ಲಿ ಎತ್ತರ ಜಿಗಿತದ ಆಟಗಾರ್ತಿಯಾಗಿದ್ದವರು. ಗಂಡ ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದಾಗ ಜೊತೆಗೆ ಬಂದು, ವರ್ಷಗಟ್ಟಲೆ ಉಳಿದು ನಮ್ಮ ಮಾತನ್ನೇ ಕಲಿತರು. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬನಹಟ್ಟಿಗೆ ಬಂದು, ನಾನು ಗಂಟೆ ಹೊಡೆಯುವ ಸಿಪಾಯಿಯಾಗಿದ್ದ ಹೈಸ್ಕೂಲಿನ ಹುಡುಗಿಯರಿಗೆ ಜಿಗಿತ ಕಲಿಸುತ್ತಿದ್ದರು. ಇಲ್ಲಿ ಶಿಕ್ಷಕಿಯರನ್ನು ಕರೆಯುವಂತೆ ಅವರನ್ನೂ ಅಕ್ಕೋರು ಎಂದೆವು.

ಮೊದಲು ಹೊಟ್ಟೆ ಕೆಳಗಾಗಿ ಕೋಲು ದಾಟುತ್ತಿದ್ದವರು, ಕಾಲ ಬದಲಾದಾಗ ಎರಡು ವರ್ಷ ಬಿದ್ದು ಬಿದ್ದು ಬೆನ್ನು ಕೆಳಗಾಗಿ ದಾಟುವುದನ್ನು ಕಲಿತರಂತೆ. ಒಮ್ಮೆ ಎರಡು ಬೆರಳಿನಷ್ಟು ಎತ್ತರ ಕಡಿಮೆ ಬಿದ್ದು ದೇಶದ ತಂಡ ತಪ್ಪಿತು. ಮರುವರ್ಷ ಸೇರಿದರು, ಆ ಬೇಸಿಗೆಯೇ ಹಿಮ್ಮಡಿಯ ನರ ಹರಿಯಿತು. “ಇಪ್ಪತ್ತಾರಕ್ಕ ನಾ ಮುದುಕಿ ಆದೆ” ಎಂದು ನಗುತ್ತಿದ್ದರು.

ನಮ್ಮಲ್ಲಿ ಫೋಮಿನ ಗಾದಿ ಇರಲಿಲ್ಲ. ಮಗ್ಗದ ಮನೆಗಳಿಂದ ಕೆಟ್ಟ ನೂಲಿನ ಸಿಕ್ಕು ತಂದು, ಚೀಲಗಳಲ್ಲಿ ತುಂಬಿ, ಸೊಂಟದೆತ್ತರ ಒಟ್ಟುತ್ತಿದ್ದೆ. ನೂಲು ನೆನೆದರೆ ಕಲ್ಲಾಗುತ್ತದೆ. ಪ್ರತಿ ಚೀಲ ಬಿಚ್ಚಿ, ಕೈಯಿಂದ ಬಿಡಿಸಿ, ಬಿಸಿಲಿಗೆ ಹಾಕಿ ಮತ್ತೆ ತುಂಬಬೇಕು. ಅದು ನನ್ನ ಕೆಲಸ. ಹುಡುಗಿಯರು ಜಿಗಿಯುವ ಮೊದಲು, ಗಾದಿ ಸರಿಯಿದೆಯೇ ನೋಡಲು ಅಕ್ಕೋರು ತಾವೇ ಹಿಂದಕ್ಕೆ ಹಾರಿ ಗಾದಿಯ ಮೇಲೆ ಬೀಳುತ್ತಿದ್ದರು. ಅರವತ್ತು ದಾಟಿದ್ದರೂ ಒಂದು ದಿನವೂ ಬಿಟ್ಟವರಲ್ಲ.

ಜಿಲ್ಲಾ ಕ್ರೀಡಾಕೂಟಕ್ಕೆ ನಾಲ್ಕು ದಿನ ಉಳಿದಿತ್ತು. ಹಿಂದಿನ ದಿನದ ಮಳೆ, ಗಾದಿಗೆ ಹೊದಿಸಿದ್ದ ತಾಡಪತ್ರಿಯ ಹರಕಿನಿಂದ ಒಳಗಿಳಿದಿತ್ತು. ನಾನು ರನ್ನ ಬೆಳಗಲಿಯಲ್ಲಿ ಬೀಗರ ಊಟ ಮುಗಿಸಿ ತಡವಾಗಿ ಬಂದೆ. ಮೇಲಿನ ಸಾಲು ಮಾತ್ರ ಬಿಡಿಸಿದೆ.

“ಅಣ್ಣಾರ, ಚೀಲ ಬಿಡಿಸೀರಿ?” ಎಂದು ಅಕ್ಕೋರು ಕೇಳಿದರು.

“ಬಿಡಿಸೇನ್ರೀ.”

“ಕೆಳಗಿಂದೂ?”

ಮೊದಲ ಪಾಳಿಯ ಹುಡುಗಿ, ನೇಕಾರರ ಮಗಳು, ಆಗಲೇ ಓಟದ ಗೆರೆಯ ಮೇಲಿದ್ದಳು. “ಅಕ್ಕೋರ, ಕಾಕಾ ಹೋಳಗಿ ಉಂಡ ಬಂದಾನ್ರಿ. ಮೊದಲ ಅವನ್ನ ಕೆಡವ್ರಿ” ಎಂದಳು. ಎಲ್ಲರೂ ನಕ್ಕರು. ಆ ನಗೆಯ ನಡುವೆ ನಾನು “ಹೂನ್ರೀ, ಕೆಳಗಿಂದೂ” ಎಂದೆ.

ಅಕ್ಕೋರು ಗಾದಿಗೆ ಬೆನ್ನು ಮಾಡಿ ನಿಂತರು. ಮೊಣಕಾಲು ಬಗ್ಗಿಸಿದರು. ತಡೆಯಲು ನನ್ನ ಒಂದು ಮಾತು ಸಾಕಿತ್ತು. ಆಡಲಿಲ್ಲ. ಮೇಲಿನ ಚೀಲಗಳು ಸರಿದು, ಕೆಳಗಿನ ಒದ್ದೆ ಚೀಲಗಳಿಗೆ ಅವರ ಬೆನ್ನು ಬಡಿಯಿತು. ಅವರು ಕೂಗಲಿಲ್ಲ. ಏಳಲೂ ಇಲ್ಲ.

ಹೆಡ್‌ಮಾಸ್ತರು ಕೇಳಿದಾಗ ಅಕ್ಕೋರು “ನಾನ ತಪ್ಪ ಬಿದ್ದೆ” ಎಂದುಬಿಟ್ಟರು. “ಈ ವಯಸ್ಸಿನಾಗ ಆ ಹೆಣ್ಣಮಗಳಿಗೆ ಯಾಕ ಬೇಕಿತ್ತಲೇ” ಎಂದು ಊರು ಆಡಿಕೊಂಡಿತು. ನಾನೂ ತಲೆಯಾಡಿಸಿದೆ.

ಅವರನ್ನು ಜರ್ಮನಿಗೆ ಕರೆದೊಯ್ಯುವ ಮುನ್ನ ಜಮಖಂಡಿಗೆ ಹೋದೆ. ಮಲಗಿದ್ದರು. “ಅಕ್ಕೋರ, ಆ ಚೀಲ...” ಎಂದೆ.

“ಗೊತ್ತದ. ಬಿದ್ದಾಗ ಗೊತ್ತಾತು.”

“ಮತ್ತ ಯಾಕ ಹೇಳಲಿಲ್ರೀ?”

“ಹೇಳಿದ್ರ ಗಾದಿ ತಗಸ್ತಿದ್ರು. ಹುಡುಗ್ಯಾರ ಜಿಗಿತ ನಿಲ್ಲತಿತ್ತು. ನಿಮ್ಮ ಸಲುವಾಗಿ ಅಲ್ಲ.” ನನ್ನತ್ತ ಮುಖ ತಿರುಗಿಸಿ, “ಮೊದಲ ಜಿಗೀಬೇಕಾಗಿದ್ದ ಆ ಹುಡುಗಿಗೆ ನೀವ ಹೇಳ್ರಿ” ಎಂದರು.

ಆಗಲಿ ಎಂದೆ. ಹೇಳಲಿಲ್ಲ. ಅವಳು ಕಾಲೇಜು ಮುಗಿಸಿ ಮುಧೋಳದ ಶಾಲೆಯಲ್ಲಿ ಆಟದ ಶಿಕ್ಷಕಿಯಾದಳು. ಹಬ್ಬಕ್ಕೆ ಬಂದಾಗಲೆಲ್ಲ ಕಾಲಿಗೆ ನಮಸ್ಕರಿಸುತ್ತಿದ್ದಳು. ಆಗಲೂ ಹೇಳಲಿಲ್ಲ.

ಹೋದ ತಿಂಗಳು ಮೊಬೈಲು ಹಿಡಿದು ಮನೆಗೆ ಬಂದಳು. ಅಕ್ಕೋರು ತೀರಿಕೊಂಡರೆಂದು ಅವರ ಗಂಡ ಬರೆದಿದ್ದರು. ಕೊನೆಯವರೆಗೂ ಗಾಲಿಕುರ್ಚಿಯಲ್ಲೇ ಇದ್ದರಂತೆ.

“ಬೀಳೂದು ಅಷ್ಟ ಗೊತ್ತಿದ್ದವ್ರು ಅವತ್ತ ಯಾಕ ತಪ್ಪ ಬಿದ್ರೋ ಕಾಕಾ” ಎಂದಳು.

ಆಗ ಎಲ್ಲವನ್ನೂ ಹೇಳಿದೆ. ಅವಳು ಮೊಬೈಲು ಕೆಳಗಿಟ್ಟಳು.

“ಇದನ್ನ ನನಗ ಹೇಳಾಕ ಅವರು ಸಾಯಬೇಕಾತೇನು?”