ಕೆಂಪಿ ಕಾಯುತ್ತಿದ್ದ ಮಾತು

ನಾಲೆ ಏರಿಯ ಸವಾರಿ ಮುಗಿಸಿ ಬರುವಾಗ ಹನಕೆರೆ ರೈಲು ನಿಲ್ದಾಣದ ಮುಂದೆ ನಮ್ಮ ಕುದುರೆ ಕೆಂಪಿ ನಿಂತುಬಿಟ್ಟಳು. ಯಾರಿಗೂ ಬೇಡವಾದ ಕುದುರೆಗಳನ್ನು ಸಾಕುವ ನಮ್ಮ ಮನೆಗೆ ಹೊಸದಾಗಿ ಬಂದಿದ್ದ ಮುದುಕಿ ಅವಳು. ಗೆಳತಿ ಪದ್ಮಾ ತನ್ನ ಕುದುರೆಯಿಂದಿಳಿದು ಕೆಂಪಿಯ ಲಗಾಮು ಎಳೆದಳು, ಮೇಲೆ ಕೂತಿದ್ದ ನಾನು ಗದರಿದೆ. ಕೆಂಪಿ ಕದಲಲಿಲ್ಲ.

ಕಡಲೆಕಾಯಿ ಮಾರುತ್ತಿದ್ದ ಅಜ್ಜಿ ನಕ್ಕರು. “ಇಲ್ಲೇ ಜಟಕಾ ಎಳೀತಿದ್ದ ಕುದ್ರೆ ಕಣವ್ವ ಇದು. ಗಾಡಿಯವ್ನಂಗೆ ಕೂಗ್ದಿದ್ರೆ ಕದ್ಲಾಕಿಲ್ಲ” ಎಂದು ತಾವೇ ಕೂಗಿದರು: “ಎಲ್ಲಾ ಮುಂದ್ಕೆ ಸರ್ಕೊಳ್ರವ್ವ.” ಕೆಂಪಿ ಹೆಜ್ಜೆ ಹಾಕಿದಳು.

ಗಾಡಿಯ ಭಾರ ಹಿಂದಕ್ಕೆ ವಾಲದಿರಲೆಂದು ಜಟಕಾದವರು ಹತ್ತಿ ಕೂತವರಿಗೆ ಹೇಳುತ್ತಿದ್ದ ಆ ಮಾತಿಗೆ, ಚಿಕ್ಕಂದಿನಲ್ಲಿ ಅವ್ವ ನನ್ನನ್ನು ಮುಂದಕ್ಕೆ ತಳ್ಳಿ ತಾನು ಹಿಂದೆ ಕೂರುತ್ತಿದ್ದಳು. ಅವ್ವ ಈಗಿಲ್ಲ. ಕೆಂಪಿಯ ಮೇಲೆ ಕೂತಾಗಲೆಲ್ಲ ಅದನ್ನೇ ಕೂಗಿ, ಒಂದಿಷ್ಟು ಮುಂದಕ್ಕೆ ಸರಿದು, ಹಿಂದೆ ಅವ್ವನಿಗೆ ಜಾಗ ಬಿಡುತ್ತೇನೆ.